ಕಂಟ್ರೋಲರ್‌ಗೂ ಕುಂಕುಮ

ಸ್ನಾನ ಮುಗಿಸಿ ಹಾಲಿಗೆ ಬಂದಾಗ ಕಂಪ್ಯೂಟರ್ ಪರದೆ ಕಪ್ಪಾಗಿತ್ತು. ಅದರ ಮುಂದೆ ನನ್ನ ಗೇಮ್ ಕಂಟ್ರೋಲರ್ ಗಂಧ, ಕುಂಕುಮ ಹಚ್ಚಿಸಿಕೊಂಡು, ಮೇಲೊಂದು ಸೇವಂತಿಗೆ ಇಟ್ಟುಕೊಂಡು ಮೋಕ್ಷ ಸಿಕ್ಕವರಂತೆ ಕುಳಿತಿತ್ತು.

ನಾನು ಆಡುತ್ತಿದ್ದದ್ದು ಹಳೆಯ ವಿಡಿಯೊ ಗೇಮ್‌ಗಳ ಮಾದರಿಯ ಆಟ. ಪುಟ್ಟ ಯೋಧ ಹೊಂಡ ಹಾರಬೇಕು, ಮುಳ್ಳು ತಾಗಿದರೆ ಸಾಯಬೇಕು. ಆಡಿದಷ್ಟನ್ನು ಉಳಿಸಿಡುವ ಸೌಲಭ್ಯವಿಲ್ಲ. ಅಷ್ಟು ದಯೆ ತೋರಿದರೆ ನಾವು ಹಾಳಾಗುತ್ತೇವೆ ಎಂದು ಅದನ್ನು ಮಾಡಿದವರಿಗೆ ಅನ್ನಿಸಿರಬೇಕು. ತಿಂಗಳುಗಟ್ಟಲೆ ಸತ್ತು, ಅಂದು ಮೊದಲ ಬಾರಿಗೆ ಕೊನೆಯ ರಾಕ್ಷಸನ ಬಾಗಿಲು ತಲುಪಿದ್ದೆ. ಆಯುಧಪೂಜೆಯ ದಿನ ಸ್ನಾನವಿಲ್ಲದೆ ಕೂತಿದ್ದೀಯಾ ಎಂದು ದೊಡ್ಡಮ್ಮ ಗದರಿದ್ದಕ್ಕೆ, ಆಟವನ್ನು ಅಲ್ಲಿಗೇ ನಿಲ್ಲಿಸಿಟ್ಟು ಎದ್ದುಹೋಗಿದ್ದೆ.

“ದೊಡ್ಡಮ್ಮ, ಸ್ವಿಚ್ ಯಾಕೆ ಆಫ್ ಮಾಡಿದ್ರಿ?”

“ಪೂಜೆಗಿಟ್ಟ ಆಯುಧ ಓಡ್ತಾ ಇರಬಾರದು ಕಣೆ. ದಿನಾ ನಿನ್ ಕೈಲಿರೋದು ಅದೊಂದೇ ಅಲ್ವಾ? ಇವತ್ತು ಮುಟ್ಟಂಗಿಲ್ಲ.”

ಪಕ್ಕದಲ್ಲಿದ್ದ ದೊಡ್ಡಪ್ಪನ ಡ್ರಿಲ್ಲಿಂಗ್ ಮಷಿನ್‌ಗೂ ಹೂವಿತ್ತು. ನನ್ನ ಎಂ.ಎಸ್ಸಿ. ಪುಸ್ತಕಗಳಿಗೆ ಇರಲಿಲ್ಲ. ದೊಡ್ಡಮ್ಮನ ಕಣ್ಣು ಅಷ್ಟು ಚುರುಕು.

ಮರುದಿನ ವಿಜಯದಶಮಿ. ಮೊದಲಿನಿಂದ ಶುರು ಮಾಡಿದೆ. ಗಂಧ ಒಣಗಿ, ಹಾರುವ ಬಟನ್ ಅಂಟಿಕೊಂಡಿತ್ತು. ಯೋಧ ಭಕ್ತಿಯಿಂದ ನಡೆದುಹೋಗಿ ಮೊದಲ ಹೊಂಡಕ್ಕೇ ಬಿದ್ದ.

ಆ ರಾಕ್ಷಸ ಇಂದಿಗೂ ಕ್ಷೇಮವಾಗಿದ್ದಾನೆ. ಬಟನ್ ಸರಿಮಾಡಿಕೊಂಡೆ, ಕುಂಕುಮ ಮಾತ್ರ ಒರೆಸಲಿಲ್ಲ. ಮನೆಯವರೆಲ್ಲ ಮಕ್ಕಳಾಟ ಎಂದು ನಗುವ ವಸ್ತುವನ್ನು ದುಡಿಯುವ ಸಾಮಾನುಗಳ ಸಾಲಿನಲ್ಲಿಟ್ಟವರು ದೊಡ್ಡಮ್ಮ ಒಬ್ಬರೇ. ಅಷ್ಟು ಮರ್ಯಾದೆಗೆ ಇನ್ನೂ ನೂರು ಸಲ ಸಾಯಬಹುದು.

— ಓದುಗಿ, ಆರ್.ಟಿ. ನಗರ