ಯೂ ಪೊನಿರಾ ಅರೆದ ಮಾತ್ರೆ

ಪೊನಿರಾಳ ಎಡಭುಜದ ಮೇಲೆ ಅಂಗೈಯಗಲದ ಒಂದು ಗುರುತಿತ್ತು. ಮೂವತ್ತೊಂದು ವರ್ಷ ಹೊರೆಬಟ್ಟೆ ಉಜ್ಜಿ ಉಜ್ಜಿ ಅಲ್ಲಿಯ ಚರ್ಮ ಹುಣಸೆ ಬೀಜದ ಹಾಗೆ ನುಣುಪಾಗಿತ್ತು, ಕಪ್ಪಗೆ ಹೊಳೆಯುತ್ತಿತ್ತು. ಬೆನ್ನ ಮೇಲೆ ಬಿದಿರಿನ ಬುಟ್ಟಿ, ಬುಟ್ಟಿಯೊಳಗೆ ಎಂಟು ಸೀಸೆ ಜಾಮು ಎಂಬ ಬೇರುಬೀಜದ ಮದ್ದಿನ ನೀರು, ಎಲ್ಲವನ್ನೂ ಭುಜಕ್ಕೆ ಬಿಗಿಯುವ ಆ ಬಟ್ಟೆ, ಕೈಯಲ್ಲಿ ಲೋಟ ತೊಳೆಯುವ ನೀರಿನ ಬಕೆಟ್ಟು. ಬೊಯೊಲಾಲಿಯ ನಮ್ಮ ಓಣಿಗೆ ಅವಳು ಬರುತ್ತಿದ್ದದ್ದು ಬೆಳಗಿನ ಬಿಸಿಲು ಮಸೀದಿಯ ಗೋಡೆಯಿಂದ ಇಳಿದು ಚರಂಡಿಯ ಅಂಚು ಮುಟ್ಟುವ ಹೊತ್ತಿಗೆ. “ಜಾಮೂ... ಜಾಮೂ...” ಎಂಬ ಕೂಗು ಕೇಳಿದರೆ ಗಡಿಯಾರ ನೋಡಬೇಕಾಗಿರಲಿಲ್ಲ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಬಾಯಲ್ಲೂ ಅವಳು ಯೂ. ಅಕ್ಕ.

ಬಸುರಿಯಾಗಲು ಕಾದವರಿಗೆ ಅರಿಸಿನ ಹುಣಸೆಯದು, ಹಸಿವಿಲ್ಲದ ಮಕ್ಕಳಿಗೆ ಅಕ್ಕಿ ಕಚ್ಚೋರದ್ದು, ಮೈಕೈ ನೋವಿಗೆ ಹಿಪ್ಪಲಿಯದು. ಎಲ್ಲಕ್ಕಿಂತ ಕೊನೆಯ ಸೀಸೆ ಕಹಿಯದು, ಕುಡಿದವರ ಮುಖ ಹಿಂಡಿದ ಬಟ್ಟೆಯಂತಾಗುತ್ತಿತ್ತು. ಆದರೆ ಕಹಿ ಕುಡಿಸಿದ ಮೇಲೆ ಅರ್ಧ ಲೋಟ ಶುಂಠಿ ಬೆಲ್ಲದ ನೀರು ಕೊಡದೆ ಅವಳು ಯಾರನ್ನೂ ಕಳಿಸಿದವಳಲ್ಲ.

ಜಾಮು ಮಾರುವವಳಿಗೆ ಕಾಯಿಲೆ ಬರಬಾರದು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಅವಳ ಚರ್ಮದ ಹೊಳಪು, ನೆಟ್ಟಗಿನ ಬೆನ್ನು, ಬೇಗ ನರೆಯದ ತಲೆ ನೋಡಿಯೇ ಜನ ಲೋಟ ಚಾಚುತ್ತಾರೆ. ಮೈಯೇ ಅಂಗಡಿಯ ಫಲಕ. ಕೆಮ್ಮುವವಳ ಕೈಯಿಂದ ಕೆಮ್ಮಿನ ಮದ್ದು ಯಾರು ಕೊಳ್ಳುತ್ತಾರೆ?

ಅಂಥವಳಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಸರ್ಪಸುತ್ತು ಬಂತು. ಎಡ ಬೆನ್ನಿನಿಂದ ಹೊರಟ ಗುಳ್ಳೆಗಳು ಭುಜ ಹತ್ತಿ ಎದೆಗೆ ಇಳಿದವು, ಹೊರೆಬಟ್ಟೆ ಹಾಯುವ ದಾರಿಯನ್ನೇ ಹಿಡಿದು. ಊರಿನ ಮದುವೆಗೆ ಹೋಗುತ್ತೇನೆಂದು ಹೇಳಿ ಬಾಗಿಲು ಹಾಕಿಕೊಂಡಳು. ಮೂರು ವಾರದಲ್ಲಿ ಗುಳ್ಳೆಗಳು ಒಣಗಿದವು. ನೋವು ಒಣಗಲಿಲ್ಲ.

ಅದು ಯಾವ ಬಗೆಯ ನೋವೆಂದು ಅವಳಿಗೆ ಹೆಸರಿಡಲು ಬರಲಿಲ್ಲ. ಕೈಯಿಂದ ಗಟ್ಟಿಯಾಗಿ ಒತ್ತಿದರೆ ತಡೆಯಬಹುದಿತ್ತು. ರವಿಕೆಯ ನೂಲು ಸುಮ್ಮನೆ ಸವರಿದರೆ ಕಾದ ಬಾಣಲೆಯ ಎಣ್ಣೆ ಸಿಡಿದ ಹಾಗೆ. ಫ್ಯಾನಿನ ಗಾಳಿ ತಾಗಿದರೂ ಹಲ್ಲು ಕಚ್ಚಬೇಕು. ಅಂಥ ಭುಜದ ಮೇಲೆ ಎಂಟು ಸೀಸೆಗಳ ಭಾರ ಎಳೆಯುವ ಬಟ್ಟೆ. ಒಂದೂವರೆ ವರ್ಷ ತನ್ನ ಸೀಸೆಗಳನ್ನೆಲ್ಲ ಒಂದೊಂದಾಗಿ ತನ್ನ ಮೇಲೆಯೇ ಖಾಲಿ ಮಾಡಿ ನೋಡಿದಳು. ಏನೂ ಆಗಲಿಲ್ಲ. ಕೊನೆಗೆ ಅರಿಸಿನ ತರುತ್ತೇನೆಂದು ಹೇಳಿ, ತನ್ನ ಗುರುತಿನವರಿಲ್ಲದ ಊರಿನ ಆಸ್ಪತ್ರೆಗೆ ಬಸ್ಸು ಹತ್ತಿದಳು.

“ನರ ಕೆಟ್ಟಿದೆ, ಬು,” ಅಂದ ಡಾಕ್ಟರು. ಬು ಅಂದರೆ ಅಮ್ಮ; ಅವನದು ಅವಳ ಮಗನಾಗಬಹುದಾದ ವಯಸ್ಸು. “ಗಾಯ ವಾಸಿಯಾಗಿದೆ, ಆದ್ರೆ ನರಕ್ಕೆ ಆ ಸುದ್ದಿ ಮುಟ್ಟಿಲ್ಲ. ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಹತೋಟಿಲಿ ಇಡೋಣ.”

ಔಷಧಿ ಕೊಡುವ ಕಿಟಕಿಯ ಹುಡುಗಿ ಗಾಜಿನ ಹಿಂದಿನಿಂದ ಒಂದೇ ಉಸಿರಿಗೆ ಹೇಳಿದಳು: “ದಿನಕ್ಕೊಂದು, ಸಂಜೆ ಊಟ ಆದ್ಮೇಲೆ. ಇಡೀದಾಗಿ ನುಂಗ್ಬೇಕು. ಮುರೀಬಾರ್ದು, ಜಗೀಬಾರ್ದು, ಪುಡಿ ಮಾಡ್ಬಾರ್ದು. ಒಳಗೆ ಸ್ವಲ್ಪ ಸ್ವಲ್ಪಾನೇ ಬಿಟ್ಕೊಳುತ್ತೆ, ಮಾರನೇ ದಿನದವರೆಗೂ. ಗೊತ್ತಾಯ್ತಾ?”

“ಗೊತ್ತಾಯ್ತಮ್ಮ,” ಅಂದಳು ಪೊನಿರಾ. ಹಿಂದೆ ಸಾಲು ಉದ್ದವಿತ್ತು.

ಗುಲಾಬಿ ಬಣ್ಣದ, ಉದ್ದನೆಯ ಮಾತ್ರೆ. ಎಂಟು ದಿನ ಹೇಳಿದ ಹಾಗೆಯೇ ನುಂಗಿದಳು. ಇಂಥ ಮದ್ದು ಹತ್ತಲು ವಾರಗಳೇ ಬೇಕು ಎಂಬುದನ್ನು ಆ ಹುಡುಗಿ ಹೇಳಿರಲಿಲ್ಲ. ಒಂಬತ್ತನೆಯ ದಿನ ಹಿತ್ತಲ ಕಕ್ಕಸಿನಲ್ಲಿ ಪೊನಿರಾ ಅದನ್ನು ಕಂಡಳು. ಬಣ್ಣ ಮಾಸಿತ್ತು, ಆಕಾರ ಕೆಟ್ಟಿರಲಿಲ್ಲ. ನುಂಗಿದ ಮಾತ್ರೆ ನುಂಗಿದ ಹಾಗೆಯೇ ಹೊರಗೆ ಬಂದಿತ್ತು.

ಅದು ಬರೀ ಸಿಪ್ಪೆ. ಮದ್ದು ಒಳಗೆ ಇಳಿದಿತ್ತು, ಹೊರಗೆ ಬಂದದ್ದು ಅದರ ಖಾಲಿ ಚೀಲ. ಇದನ್ನೂ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳಿಗೆ ನೆನಪಾದದ್ದು ತಾಯಿಯ ಮಾತು: ಅರೆಯದ ಮದ್ದು ಹೊಟ್ಟೆಗೆ ನೆಂಟ, ಬಂದ ದಾರಿಯಲ್ಲೇ ಹೋಗುತ್ತದೆ. ಏಳನೆಯ ವಯಸ್ಸಿನಿಂದ ಅವಳು ಅರೆಯುವ ಕಲ್ಲಿನ ಮುಂದೆ ಕೂತವಳು. ಬೇರಾಗಲಿ ಬೀಜವಾಗಲಿ, ಕಲ್ಲಿನ ಮೇಲೆ ಪ್ರಾಣ ಬಿಟ್ಟರೆ ಮಾತ್ರ ಮೈಗೆ ಹತ್ತುತ್ತದೆಂದು ಅವಳ ಕೈಗಳಿಗೆ ಗೊತ್ತಿತ್ತು. ಕಿಟಕಿಯ ಹುಡುಗಿಗೆ ಏನು ಗೊತ್ತು?

ಅಂದು ಸಂಜೆ ಕಲ್ಲಿನ ಮೂಲೆಯಲ್ಲಿ ಮಾತ್ರೆ ಇಟ್ಟು, ನಾಲ್ಕು ಹನಿ ನೀರು ಹಾಕಿ, ಗುಂಡುಕಲ್ಲಿನಿಂದ ಅರೆದಳು. ಒಂದು ಹಗಲು ಒಂದು ರಾತ್ರಿಗೆಂದು ಹಂಚಿಟ್ಟಿದ್ದ ಮದ್ದು ಒಂದೇ ಗುಟುಕಿಗೆ ಒಳಗೆ ಹೋಯಿತು. ಕುಕ್ಕುರುಗಾಲಿನಲ್ಲಿ ಕೂತಲ್ಲೇ ನಿದ್ದೆ ಬಂತು. ನೋವು ಗೊತ್ತಾಗಲಿಲ್ಲ. ನೋಡಿದೆಯಾ, ಎಂದುಕೊಂಡಳು.

ಬೆಳಿಗ್ಗೆ ಬುಟ್ಟಿ ಹೊರುವ ಹೊತ್ತಿಗೆ ಮದ್ದು ಮುಗಿದಿತ್ತು. ಬಟ್ಟೆ ಭುಜಕ್ಕೆ ಬಿದ್ದ ಕೂಡಲೇ ಬೆಂಕಿ. ತಿಂಗಳ ಕೊನೆಗೆ ಆಸ್ಪತ್ರೆಗೆ ಹೋಗಿ, “ಬೆಳಿಗ್ಗೆ ಹೊತ್ತಿಗೆ ಶಕ್ತಿ ಹೋಗಿರುತ್ತೆ ಡಾಕ್ಟ್ರೇ,” ಅಂದಳು. ಅರೆದೆ ಎಂದು ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಪ್ರಮಾಣ ಎರಡು ಪಟ್ಟಾಯಿತು. ಅವಳು ಅದನ್ನೂ ಅರೆದಳು. ನೋವಿರುವುದು ಬೆಳಿಗ್ಗೆ, ಮದ್ದು ಸಂಜೆ ಯಾಕೆ ಎಂದು ಯೋಚಿಸಿ, ಹೊರಡುವ ಮುಂಚೆ ಅರೆದು ಕುಡಿಯತೊಡಗಿದಳು.

ಆಗ ಓಣಿಗೆ ಕಾಣಿಸಿತು.

ಗೋಡೆ ಹಿಡಿದು ನಡೆಯುತ್ತಿದ್ದಳು. ಮಗುವಿಗೆ ಕಹಿ ಸುರಿದು ಅಜ್ಜಿಗೆ ಸಿಹಿ ಕೊಟ್ಟಳು. ಒಮ್ಮೆ ಕೊಳಾಯಿಯ ಹತ್ತಿರ ಕುಸಿದು ಎರಡು ಸೀಸೆ ಒಡೆದಳು. ನಾವು ನಕ್ಕೆವು. ಸೈಕಲ್ ರಿಕ್ಷಾದ ಸಮಿಜೊ, ಹಿರಿಯನೆಂದು ಎಲ್ಲರಿಗೂ ಪಾಕ್ ಸಮಿಜೊ, ಇಪ್ಪತ್ತು ವರ್ಷದಿಂದ ಮೊಣಕಾಲಿಗೆ ಅವಳ ಹಿಪ್ಪಲಿ ಜಾಮು ಕುಡಿದವನು. ಅವನೇ ಮೊದಲು ಶುರು ಮಾಡಿದ.

“ಏನ್ ಯೂ, ಸೀಸೇಲಿರೋದು ಜಾಮುನೋ ಹೆಂಡಾನೋ? ನೀವು ಬುಟ್ಟಿ ಹೊತ್ತಿದ್ದೀರೋ, ಬುಟ್ಟಿ ನಿಮ್ಮನ್ನ ಹೊತ್ತಿದೆಯೋ ಗೊತ್ತಾಗ್ತಿಲ್ಲ.”

“ರಿಕ್ಷಾ ನಿಮ್ಮನ್ನ ಎಳ್ಕೊಂಡ್ ಬರೋದನ್ನ ನಾನು ನೋಡಿಲ್ವಾ ಪಾಕ್? ಬಾಯಿ ಬಿಡಿ, ಕುಡಿಯೋಕೆ ಮಾತ್ರ.”

ಮಾತು ಇನ್ನೂ ಚುರುಕಾಗಿತ್ತು. ಕಣ್ಣು ಚುರುಕಾಗಿರಲಿಲ್ಲ.

ಓಣಿಯ ತಿರುವಿನಲ್ಲಿ ಬು ರುಮಿಯಾತಿಯ ಅಂಗಡಿ. ಕಾರ್ಖಾನೆಯ ಜಾಮು ಪೊಟ್ಟಣಗಳು ಅಲ್ಲಿ ಸರದ ಹಾಗೆ ತೂಗಾಡಿ ಬಿಸಿಲಿಗೆ ಬಣ್ಣಗೆಡುತ್ತಿದ್ದವು. ಯೂ ಪೊನಿರಾ ನಡೆದಾಡುತ್ತಿರುವ ತನಕ ಅವನ್ನು ಕೇಳುವವರಿರಲಿಲ್ಲ. ಒಂದು ಮುಂಜಾನೆ ರುಮಿಯಾತಿ, ಎರವಲು ಒಯ್ದಿದ್ದ ಜರಡಿ ಹಿಂದಿರುಗಿಸಲು ಪೊನಿರಾಳ ಅಡುಗೆಮನೆಗೆ ಕೂಗದೆ ಬಂದಳು. ಕಲ್ಲಿನ ಒಂದು ಬದಿಯಲ್ಲಿ ಹಿಪ್ಪಲಿಯ ಮುದ್ದೆ, ಇನ್ನೊಂದು ಬದಿಯಲ್ಲಿ ಗುಲಾಬಿ ಬಣ್ಣದ ಗಂಧದಂಥ ಲೇಪ. ಪಕ್ಕದಲ್ಲಿ ಹರಿದ ಮಾತ್ರೆ ಹಾಳೆ.

“ಇದೇನು ಯೂ, ಗುಲಾಬಿ ಬಣ್ಣದ್ದು?”

ಪೊನಿರಾ ಗುಂಡುಕಲ್ಲು ನಿಲ್ಲಿಸಿದಳು. ನನಗೆ ಕಾಯಿಲೆ ಎಂಬ ಒಂದು ಮಾತು ಸಾಕಿತ್ತು. ಆ ಮಾತನ್ನು ಎರಡು ವರ್ಷದಿಂದ ಗಂಟಲಲ್ಲಿ ಹಿಡಿದಿಟ್ಟಿದ್ದಳು.

“ಯಾರಿಗೋ ಬೇಕಂತೆ,” ಅಂದಳು. “ಅರೆದು ಕೊಡು ಅಂದ್ರು.”

ಹೊಳೆ ದಾಟಿಸುತ್ತದೆಂದು ಹಿಡಿದ ಸುಳ್ಳು ಅದು. ಮುಳುಗಿಸಿದ್ದೂ ಅದೇ. ಮಧ್ಯಾಹ್ನದೊಳಗೆ ಓಣಿಗೆಲ್ಲ ಗೊತ್ತಾಯಿತು: ಯೂ ಪೊನಿರಾ ಜಾಮುವಿಗೆ ಆಸ್ಪತ್ರೆ ಮಾತ್ರೆ ಅರೆದು ಹಾಕುತ್ತಾಳೆ. ಮೂವತ್ತೊಂದು ವರ್ಷದಿಂದ ಹಾಕುತ್ತಿದ್ದಾಳೆ. ಅಕ್ಕಪಕ್ಕದ ಊರುಗಳಲ್ಲಿ ಇಂಥ ಕಲಬೆರಕೆಯವರನ್ನು ಹಿಡಿದ ಸುದ್ದಿ ಆಗಾಗ ಬರುತ್ತಿತ್ತು, ಮೂತ್ರಪಿಂಡ ಹಾಳಾದವರ ಕಥೆಗಳೂ. ತಮಗೆ ಬಂದು ಹೋದ ಕಾಯಿಲೆಗಳನ್ನೆಲ್ಲ ಜನ ನೆನಪಿನಿಂದ ಹೆಕ್ಕಿ ತೆಗೆದರು. ವಾಸಿಯಾದದ್ದು ಮಾತ್ರೆಯಿಂದ, ಆಗದೆ ಇದ್ದದ್ದು ಯೂ ಪೊನಿರಾಳಿಂದ.

ಮರುದಿನ ಅರ್ಧ ಓಣಿ ಲೋಟ ಚಾಚಲಿಲ್ಲ. ಉಳಿದ ಅರ್ಧ ಓಣಿ ಕೇಳಿದ್ದು ಅದಕ್ಕಿಂತ ಕೆಟ್ಟದ್ದಾಗಿತ್ತು.

“ಮುಚ್ಚುಮರೆ ಯಾಕೆ ಯೂ?” ಪಾಕ್ ಸಮಿಜೊ ಧ್ವನಿ ತಗ್ಗಿಸಿ ಹೇಳಿದ. “ನನ್ ಲೋಟಕ್ಕೆ ಆ ಗುಲಾಬಿದು ಒಂಚೂರು ಜಾಸ್ತಿ ಬಿಡಿ. ಮೊಣಕಾಲು ಹಿಡ್ಕೊಂಡಿದೆ.”

“ಪಾಕ್, ಅದು ಬರೀ ಹಿಪ್ಪಲಿ. ನಿಮ್ಮೆದುರಿಗೇ ಅರೆದು ತೋರಿಸ್ಲಾ?”

“ಅರೆಯೋದನ್ನ ತಾನೇ ಬು ರುಮಿಯಾತಿ ನೋಡಿರೋದು!” ಎಂದು ನಕ್ಕ. ಅವಳು ಕೊಟ್ಟ ಲೋಟವನ್ನು ಮೂಸಿ, ಬಣ್ಣ ನೋಡಿ, ಹಿಂದಕ್ಕೆ ಇಟ್ಟ. “ಮಾತ್ರೆ ಇಲ್ಲದಿದ್ರೆ ಬೇಡ ಬಿಡಿ. ಬೇರು ತೊಳೆದ ನೀರು ಕುಡಿದು ಏನ್ ಮಾಡ್ಲಿ?”

ಆ ಭಾನುವಾರ ಸಂಜೆ ಓಣಿಯ ಮುಖ್ಯಸ್ಥನ ಮನೆ ಜಗಲಿಯಲ್ಲಿ ಹೆಂಗಸರ ತಿಂಗಳ ಕೂಟ. ಊಟ ಮುಗಿದು ತಟ್ಟೆಗಳು ಇನ್ನೂ ಎದ್ದಿರಲಿಲ್ಲ. ಕರೆಯದಿದ್ದರೂ ಪೊನಿರಾ ಬಂದಳು. ಇಸ್ತ್ರಿ ಮಾಡಿದ ರವಿಕೆ, ಕೈಯಲ್ಲಿ ಆಸ್ಪತ್ರೆಯ ಚೀಟಿ, ಉಳಿದ ಮಾತ್ರೆ ಹಾಳೆಗಳು. ಚಾಪೆಯ ಅಂಚಿನಲ್ಲಿ ಕೂತು ಅವನ್ನು ಮುಂದಿಟ್ಟಳು.

“ಇದು ನಂದು. ನೋವು ನಂದು. ಯಾರ ಸೀಸೆಗೂ ಒಂದು ಕಾಳು ಹಾಕಿಲ್ಲ.” ಕುತ್ತಿಗೆಯ ಗುಂಡಿ ಬಿಚ್ಚಿ ಭುಜ ತೋರಿಸಿದಳು. ಕಪ್ಪು ಹೊಳಪಿನ ಗುರುತಿನ ಸುತ್ತ ಸರ್ಪಸುತ್ತಿನ ಬಿಳಿಕಲೆಗಳು ಹರಡಿದ್ದವು.

ಯಾರೋ “ಅಯ್ಯೋ” ಅಂದರು. ರುಮಿಯಾತಿ ಅನ್ನಲಿಲ್ಲ.

“ಅವತ್ತು ಯಾರಿಗೋ ಬೇಕಂತೆ ಅಂದ್ರಲ್ಲ?”

“ಸುಳ್ಳು ಹೇಳ್ದೆ.”

“ಅವತ್ತಿಂದು ಸುಳ್ಳೋ, ಇವತ್ತಿಂದು ಸುಳ್ಳೋ? ಆಸ್ಪತ್ರೆಯವರು ಕಲ್ಲಲ್ಲಿ ಅರೀರಿ ಅಂತ ಹೇಳ್ತಾರಾ ಯೂ? ನಮ್ಮತ್ತೆಗೂ ಮಾತ್ರೆ ಕೊಟ್ಟಿದ್ರು, ನೀರಲ್ಲಿ ನುಂಗ್ತಿದ್ರಪ್ಪ.” ಸುತ್ತ ಸಣ್ಣ ನಗು. “ನಿಮ್ಮದೇ ಆದ್ರೆ ಈಗ ನುಂಗಿ. ನಮ್ಮೆದುರಿಗೆ, ಇಡೀದಾಗಿ.”

ಪೊನಿರಾ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. ಅರೆಯದೆ ನುಂಗಿದರೆ ಕಕ್ಕಸಿಗೆ ಹೋಗುವ ಮದ್ದು, ನಾಳೆ ಬೆಳಿಗ್ಗೆ ಭುಜಕ್ಕೆ ಬೆಂಕಿ. ಆದರೂ ನಾಳೆ ಬೆಳಿಗ್ಗೆ ಬುಟ್ಟಿ ಹೊರಬೇಕಾದರೆ ಇವರ ಎದುರು ಇದನ್ನು ನುಂಗಬೇಕು. ನುಂಗಿದಳು. ಗಂಟಲು ಇಳಿಯುವುದನ್ನು ಹದಿನೇಳು ಹೆಂಗಸರು ನೋಡಿದರು.

“ಸರಿ, ನಿಮ್ಮದೇ ಅಂತ ನಂಬಿದ್ವಿ,” ಅಂದಳು ಮುಖ್ಯಸ್ಥನ ಹೆಂಡತಿ. ಮೃದು ಮಾತಿನ ಹೆಂಗಸು ಆಕೆ. “ಆದ್ರೆ ಯೂ, ನಿಮ್ಮ ಜಾಮು ನಿಮಗೇ ಹತ್ತಲಿಲ್ಲ. ಅದು ಗೊತ್ತಿದ್ದೂ ನಮಗೆ ಕುಡಿಸಿದ್ರಲ್ಲ?”

ಪೊನಿರಾ ಚೀಟಿ, ಮಾತ್ರೆ ಹಾಳೆಗಳನ್ನು ಎತ್ತಿಕೊಂಡಳು. ಗುಂಡಿ ಹಾಕಿಕೊಂಡಳು.

“ನಾಳೆ ಬರ್ಲಾ?” ಎಂದು ಕೇಳಿದಳು.

ಯಾರೋ ಕರಿದ ಸೋಯಾ ತೆಂಪೆಯ ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದರು. ಮತ್ತೆ ಮಾತು ಬೇರೆ ಕಡೆಗೆ ಹೊರಳಿತು.

ಮರುದಿನ ಬೆಳಿಗ್ಗೆ ಅವಳು ಮಾತ್ರೆ ಅರೆಯದೆ ಎಂಟು ಸೀಸೆ ತುಂಬಿದಳು. ಬುಟ್ಟಿ ಬೆನ್ನಿಗೇರಿಸಿ, ಬಟ್ಟೆ ಎಳೆದು ಭುಜಕ್ಕೆ ಬಿಗಿದು, ಕಣ್ಣು ಮುಚ್ಚಿ ಬೆಂಕಿಗಾಗಿ ಕಾದಳು. ಬೆಂಕಿ ಬರಲಿಲ್ಲ. ಇನ್ನೊಮ್ಮೆ ಬಿಗಿದಳು. ದೂರದ ಮನೆಯಲ್ಲಿ ಯಾರೋ ಏನೋ ಕುಟ್ಟಿದ ಹಾಗೆ ಒಂದು ಸಣ್ಣ ಮಿಡಿತ, ಅಷ್ಟೆ. ಎರಡು ಪಟ್ಟಾದ ಮದ್ದು ಮೊದಲ ಸಲ ತನಗೆ ಹೇಳಿದ ಹಾಗೆ ಒಳಗೆ ಕೂತು, ಹನಿ ಹನಿಯಾಗಿ, ಇಡೀ ರಾತ್ರಿ ದಾಟಿ ಬೆಳಗಿನ ತನಕ ಬಂದಿತ್ತು.

ಬಿಸಿಲು ಚರಂಡಿಯ ಅಂಚು ಮುಟ್ಟುವ ಹೊತ್ತಿಗೆ ಕೂಗು ಕೇಳಿಸಿತು. “ಜಾಮೂ... ಜಾಮೂ...” ಎರಡು ವರ್ಷದಿಂದ ಕೇಳಿರದ ತುಂಬು ಕಂಠ. ಗೋಡೆ ಹಿಡಿಯದೆ ನೆಟ್ಟಗೆ ನಡೆದು ಬಂದಳು. ಪಾಕ್ ಸಮಿಜೊ ರಿಕ್ಷಾದ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ, ತಲೆ ಎತ್ತಲಿಲ್ಲ. ಅವನ ಪಕ್ಕದಲ್ಲಿ ರುಮಿಯಾತಿ ಕೊಟ್ಟ ಗಾಜಿನ ಲೋಟ, ಅದರಲ್ಲಿ ಪೊಟ್ಟಣದ ಪುಡಿ ಕದಡಿದ ಕಂದು ನೀರು. ಅಂಗಡಿಯ ಸರದಲ್ಲಿ ಅಲ್ಲಲ್ಲಿ ಹರಿದ ಜಾಗಗಳು ಕಾಣುತ್ತಿದ್ದವು.

ಪ್ರತಿ ಬಾಗಿಲಿನ ಮುಂದೆ ಮೂರು ಸಲ ಕೂಗಿದಳು. ನಮ್ಮ ಬಾಗಿಲ ಮುಂದೆ ನಾಲ್ಕು ಸಲ. ಅಮ್ಮ ಚಿಲಕದ ಮೇಲೆ ಕೈ ಇಟ್ಟು ನಿಂತಿದ್ದಳು. ಹಾಕಲೂ ಇಲ್ಲ, ತೆಗೆಯಲೂ ಇಲ್ಲ. ಚಿಕ್ಕಂದಿನಲ್ಲಿ ಜಾಮು ಕುಡಿಸಿ ನನಗೆ ಹಸಿವು ಹುಟ್ಟಿಸಿದ ಕೈ ಯೂ ಪೊನಿರಾಳದು. ನಾನು ಕಿಟಕಿಯ ಪರದೆ ಸರಿಸಿ ನೋಡಿದೆ, ಹೊರಗೆ ಹೋಗಲಿಲ್ಲ.

ಎದುರಿನ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಕೂತಳು. ಕೊನೆಯ ಸೀಸೆಯ ಬಿರಡೆ ತೆಗೆದು ಒಂದು ಲೋಟ ಕಹಿ ಸುರಿದುಕೊಂಡು ಕುಡಿದಳು. ಮುಖ ಹಿಂಡಲಿಲ್ಲ. ಆಮೇಲೆ ಅರ್ಧ ಲೋಟ ಸಿಹಿ ಬಗ್ಗಿಸಿಕೊಂಡು ಅದನ್ನೂ ಕುಡಿದಳು. ಲೋಟ ತೊಳೆದಳು. ಬುಟ್ಟಿ ಹೊರಟಾಗ ಎಷ್ಟು ಭಾರವಿತ್ತೋ ಹೆಚ್ಚುಕಡಿಮೆ ಅಷ್ಟೇ ಭಾರವಿತ್ತು. ಅದನ್ನು ಬೆನ್ನಿಗೇರಿಸಿ, ಬಟ್ಟೆಯನ್ನು ಎಡಭುಜದ ಮೇಲೆ ಎಳೆದು ಬಿಗಿದಳು.

ನೋಯಲಿಲ್ಲ.