ಸಬೀಹಾ ಮೇಡಂ ಅವರ ಒಂದು ನಿಮಿಷ

ಮೂರು ಊರಿನ ಕಾಲೇಜುಗಳಿಗೆ ಶರೀರಶಾಸ್ತ್ರದ ಅತಿಥಿ ಉಪನ್ಯಾಸಕಿಯಾದ ಸಬೀಹಾ ಮೇಡಂ ಬೆಳಿಗ್ಗೆ ಶೃಂಗೇರಿಯಲ್ಲಿ ಹೃದಯ, ಮಧ್ಯಾಹ್ನ ಕೊಪ್ಪದಲ್ಲಿ ಶ್ವಾಸಕೋಶ, ಸಂಜೆಯೊಳಗೆ ನರಸಿಂಹರಾಜಪುರದಲ್ಲಿ ಮೂತ್ರಪಿಂಡ ಮುಗಿಸುವವರು. ಬಸ್ಸಿನಲ್ಲಿ ಕಂಡಕ್ಟರ್ ಕೈ ಚಾಚಿದರೂ ಮೊದಲು ಅವನ ನಾಡಿ ನೋಡಿಯೇ ಟಿಕೆಟ್ ತೆಗೆದುಕೊಳ್ಳುತ್ತಾರೆಂದು ಕೊಪ್ಪದ ನರ್ಸಿಂಗ್ ಹುಡುಗಿಯರು ನಗುತ್ತಿದ್ದರು. ಹಾಜರಿಗೂ ಮೊದಲು ಎಲ್ಲರೂ ಪಕ್ಕದವರ ನಾಡಿ ಹಿಡಿದು ಒಂದು ನಿಮಿಷ ಎಣಿಸಬೇಕು. ಮೇಜಿನ ಮೇಲೆ ಬಿಚ್ಚಿಟ್ಟ ವಾಚು ನೋಡುತ್ತ ಅರವತ್ತನೆಯ ಸೆಕೆಂಡಿಗೆ ‘ಸಾಕು, ಬಿಡಿ’ ಎನ್ನುವರು. ಯಾರಾದರೂ ಇನ್ನಷ್ಟು ಹೊತ್ತು ಕೇಳಿದರೆ, ‘ಬಸ್ಸು ನಂಗೋಸ್ಕರ ಕಾಯ್ತದಾ ಮಾರಾಯ್ತಿ?’ ಎಂದು ಗದರುವರು. ಅಮ್ಮನನ್ನು ಕಳೆದುಕೊಂಡ ನಿಶ್ಚಿತಾ ಹದಿನೈದು ದಿನದ ಮೇಲೆ ತರಗತಿಗೆ ಬಂದಾಗ ಮೇಡಂ ಅವಳನ್ನು ಮೇಜಿನ ಬಳಿ ಕರೆದು ತಮ್ಮ ಕೈಯನ್ನೇ ಚಾಚಿದರು. ಅಮ್ಮನ ಮಣಿಕಟ್ಟಿನಲ್ಲಿ ಎಷ್ಟು ಹುಡುಕಿದರೂ ಸಿಗದಿದ್ದ ಮಿಡಿತ ಇಲ್ಲಿ ಬೆರಳಿಗೆ ಸಿಕ್ಕಿತು. ನಿಶ್ಚಿತಾಳಿಗೆ ಎಣಿಕೆ ತಪ್ಪಿತು. ಒಂದರಿಂದ ಮತ್ತೆ ಶುರು ಮಾಡಿದಳು, ಮತ್ತೆ ತಪ್ಪಿತು. ‘ಎಣಿಸು ಮಾರಾಯ್ತಿ, ಅವಸರ ಎಂತ ಇಲ್ಲ’ ಎನ್ನುತ್ತ ಮೇಡಂ ವಾಚನ್ನು ಬೋರಲು ಹಾಕಿದರು. ಈಗ ನರ್ಸಾಗಿ ರೋಗಿಗಳ ನಾಡಿ ಹಿಡಿಯುವಾಗಲೆಲ್ಲ ನಿಶ್ಚಿತಾಳಿಗೆ ಕೇಳಿಸುವುದು, ಅಂದು ಕಾಲೇಜಿನ ಗೇಟಿನಾಚೆ ಮೇಡಂ ಇಲ್ಲದೆ ಹೊರಟುಹೋದ ಬಸ್ಸಿನ ಹಾರ್ನು.