ಮಾವನ ರಕ್ತದಲ್ಲಿ ಯೂರಿಯಾ

ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದರೆ ಗಂಜಲದ ಘಾಟು ಮೂಗಿಗೆ ಹೊಡೆಯಿತು. ದಿನಾ ಹೊಡೆಯುವ ಘಾಟೇ. ಇವತ್ತು ಮಾತ್ರ ಕೆಂಚಮಾವ ನೆನಪಾದ. ಕೊನೆಗಾಲದಲ್ಲಿ ಅವನ ಉಸಿರು ಹೀಗೇ ನಾರುತ್ತಿತ್ತು.

ನನ್ನನ್ನು ಸಾಕಿದ ಸೋದರಮಾವ ಅವನು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಚುಚ್ಚಿ ಮೂರೇ ತಿರುವಿಗೆ ಮಟ್ಟೆ ಸುಲಿಯುತ್ತಿದ್ದ. ಆರು ವರ್ಷದ ಹಿಂದೆ ಕಾಲು ಊದಿತು, ಊಟ ಸೇರದಾಯಿತು. ತಿಪಟೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ರಕ್ತ ನೋಡಿಸಿ, "ಯೂರಿಯಾ ಏರಿದೆ ಕಣಪ್ಪ" ಅಂದರು.

"ತೆಂಗಿಗೆ ಹಾಕೋ ಯೂರಿಯಾನಾ ಸಾರ್?"

"ಅದೇ. ಕಾಳು, ಮಾಂಸ ತಿಂದ್ರೆ ಮೈಗೆ ಬೇಕಾದ್ದು ಮೈ ಇಟ್ಕೊಳ್ತದೆ. ಮಿಕ್ಕಿದ್ದನ್ನ ಲಿವರ್ ಯೂರಿಯಾ ಮಾಡ್ತದೆ, ಕಿಡ್ನಿ ಸೋಸಿ ಉಚ್ಚೇಲಿ ಆಚೆ ಹಾಕ್ತದೆ. ಇವ್ರದ್ದು ಸೋಸ್ತಾ ಇಲ್ಲ. ಕಾಳು, ಮಾಂಸ ಕಮ್ಮಿ ಮಾಡ್ಸು."

ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿದವನು. ತಲೆಗೆ ಹೋಗಿದ್ದು ಯೂರಿಯಾ ಒಂದೇ. ಮರಕ್ಕೆ ಹಾಕಿದರೆ ಗರಿ ಕಪ್ಪಾಗುವಷ್ಟು ಹಸಿರಾಗುತ್ತದೆ, ಮನುಷ್ಯನಿಗೆ ಹೇಗೆ ವಿಷ? ಮಾವ ಬರಿಗೈಯಲ್ಲಿ ಎರಚುತ್ತಿದ್ದನಲ್ಲ, ಚರ್ಮದಿಂದ ಇಳಿದಿರಬೇಕು ಅಂತ ನಾನೇ ತೀರ್ಮಾನ ಮಾಡಿದೆ. ಗೊಬ್ಬರದ ಚೀಲ ಪಕ್ಕದ ತೋಟದವರಿಗೆ ಕೊಟ್ಟೆ. ಸೀಗೆಪುಡಿ ಹಾಕಿ ಮಾವನ ಕೈ ತೊಳೆಸಿದೆ. ನಗಿ, ಪರವಾಗಿಲ್ಲ.

ಇನ್ನು ಪಥ್ಯ. ಸೊರಗಿದವನಿಗೆ ಕಾಳು, ಮಾಂಸ ಬಿಡಿಸುವುದುಂಟೇ? ನಮ್ಮ ಕಡೆ ಜ್ವರ ಬಿಟ್ಟವನಿಗೂ ಹುರುಳಿಕಟ್ಟಿನ ಸಾರು, ನಾಟಿಕೋಳಿ. ಅಡುಗೆ ಮಾಡುವ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಪಥ್ಯದ ಸುದ್ದಿಯನ್ನೇ ಹೇಳಲಿಲ್ಲ. ವಾರಕ್ಕೊಂದು ಹುಂಜ ಕೊಯ್ದೆ.

"ಇಷ್ಟು ದಿನ ಎಲ್ಲಿತ್ಲಾ ಈ ಹುಂಜ? ಸಾಯ್ತೀನಿ ಅಂದ್ರೇನೇ ಕೊಯ್ಯೋದಾ ನೀನು?" ಅಂತ ಮಾವ ನಕ್ಕು ತಟ್ಟೆ ಎಳೆದುಕೊಂಡ.

ಮೂರನೇ ಹುಂಜಕ್ಕೆ ವಾಂತಿ. ಆಮೇಲೆ ತೂಕಡಿಕೆ. ಆಮೇಲೆ ಎಬ್ಬಿಸಿದರೂ ಏಳಲಿಲ್ಲ. ಕಿಡ್ನಿ ಮೊದಲೇ ಹೋಗಿತ್ತು ಅಂದರು ಡಾಕ್ಟರು. "ಪಥ್ಯ ಮಾಡ್ಸಿದ್ಯಾ?" ಅಂತಲೂ ಕೇಳಿದರು. ತಲೆ ಆಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ, ನನಗೇ ತಿಳಿಯಲಿಲ್ಲ.

ಕೊಂದದ್ದು ಕಾಯಿಲೆಯೋ, ನನ್ನ ಹುಂಜವೋ? ಯಾರನ್ನು ಕೇಳಲಿ?

ಬುಟ್ಟಿ ಹಿಡಿದು ಅತ್ತೆ ಕೊಟ್ಟಿಗೆಗೆ ಬಂದಳು. "ಯಾಕ್ಲಾ ಕಂಬದಂಗೆ ನಿಂತೆ?"

ಎಲ್ಲ ಹೇಳಿಬಿಟ್ಟೆ. ಪಥ್ಯ ಮುಚ್ಚಿಟ್ಟಿದ್ದನ್ನೂ.

ಅತ್ತೆ ಬಾಗಿ ಸಗಣಿ ಬಾಚಿದಳು. ಬುಟ್ಟಿ ತುಂಬಿದ ಮೇಲೆ, "ಆ ಕೋಳೀನ ನಿಮ್ಮಾವ ಎಲ್ಲಿ ತಿಂದ್ರು ಬುಡು. ನೀನು ಅತ್ಲಾಗೆ ಹೋದೇಟ್ಗೆ ನಾಯಿಗೆ ಹಾಕ್ತಿದ್ರು" ಅಂದಳು.

ನಮ್ಮ ಮನೆಯಲ್ಲಿ ಆಗ ನಾಯಿ ಇರಲಿಲ್ಲ.

"ಹೌದಾ ಅತ್ತೆ?" ಅಂದೆ. ಅವಳ ಕೈಯಿಂದ ಬುಟ್ಟಿ ಇಸಕೊಂಡು ತಿಪ್ಪೆ ಕಡೆ ನಡೆದೆ.